ವ್ಯಾನಿನ ಆನಿಂಗ್ ಸೋರುವುದು ಬಟ್ಟೆಯಿಂದಲ್ಲ

ನಾವಿರುವುದು ಇಂಗ್ಲೆಂಡಿನ ಉತ್ತರದಲ್ಲಿ. ಕ್ಯಾಂಪಿಂಗ್‌ಗೆ ಒಯ್ಯುವ ನಮ್ಮ ವ್ಯಾನ್ ಫೋಕ್ಸ್‌ವ್ಯಾಗನ್ ಟ್ರಾನ್ಸ್‌ಪೋರ್ಟರ್, ಹಳೆಯ ಟಿ5 ಮಾದರಿ, ಮೇಲಿನ ಛಾವಣಿ ಎತ್ತಿದರೆ ಅಲ್ಲೊಂದು ಹಾಸಿಗೆ. ನಾನು, ಹೆಂಡತಿ, ಇಬ್ಬರು ಮಕ್ಕಳು. ಬೇಸಿಗೆಯಲ್ಲಿ ಶೃಂಗೇರಿ ಕಡೆಯಿಂದ ಅಮ್ಮ ಬಂದರೆ ಐದು ಜನ. ಮಕ್ಕಳು ಮೇಲೆ, ಅಮ್ಮ ಕೆಳಗೆ, ಹಾಗಾದರೆ ನಾವಿಬ್ಬರು ಎಲ್ಲಿ? ಆನಿಂಗ್‌ನಲ್ಲಿ, ಅಂದರೆ ವ್ಯಾನಿನ ಪಕ್ಕಕ್ಕೆ ಸಿಕ್ಕಿಸುವ ಬಟ್ಟೆಯ ಚಪ್ಪರದಲ್ಲಿ. ಹಾಗಾಗಿ ನಮಗೆ ಅದು ಬಿಸಿಲಿಗೆ ಹಾಕುವ ಮರೆ ಅಲ್ಲ, ಮಲಗುವ ಕೋಣೆ.

ಮೊದಲೇ ಒಂದು ಮಾತು. ವ್ಯಾನಿಗೇ ಕಾಯಂ ಬಿಗಿದ, ಹ್ಯಾಂಡಲ್ ತಿರುಗಿಸಿ ಬಿಚ್ಚುವ ಫಿಯಾಮಾ ಕಂಪನಿಯ ಥರದ್ದು ಚೆನ್ನಾಗಿರುತ್ತದೆ, ಎರಡು ನಿಮಿಷದ ಕೆಲಸ, ಆದರೆ ಅದು ಬರೀ ಮಾಡು, ಸುತ್ತ ಗೋಡೆ ಇಲ್ಲ. ಜೋರು ಗಾಳಿ ಬಂದರೆ ಸುತ್ತಿಡಲೇಬೇಕು. ನಾವು ನೋಡಿದ್ದು ಡ್ರೈವ್-ಅವೇ ಅನ್ನುವ ಬಗೆ: ನಾಲ್ಕೂ ಕಡೆ ಗೋಡೆ ಇರುವ ಗುಡಾರ, ವ್ಯಾನಿಗೂ ಅದಕ್ಕೂ ನಡುವೆ ಬಟ್ಟೆಯ ಸುರಂಗ. ಬೆಳಿಗ್ಗೆ ಸುರಂಗ ಬಿಚ್ಚಿ ವ್ಯಾನ್ ತಗೊಂಡು ಹಾಲು ತರಲು ಹೋಗಬಹುದು, ಗುಡಾರ ಅಲ್ಲೇ ನಿಂತಿರುತ್ತದೆ.

ಅಂಗಡಿಗೆ ಹೋದರೆ ಎಲ್ಲರೂ ಮೊದಲು ಹೇಳುವುದು ಹೈಡ್ರೋಸ್ಟ್ಯಾಟಿಕ್ ಹೆಡ್ ಎಂಬ ಸಂಖ್ಯೆ. ಬಟ್ಟೆಯ ಮೇಲೆ ಕೊಳವೆ ನಿಲ್ಲಿಸಿ ನೀರು ತುಂಬುತ್ತಾ ಹೋದರೆ ಎಷ್ಟು ಎತ್ತರಕ್ಕೆ ಹನಿ ತೂರಿ ಬರುತ್ತದೆ ಎನ್ನುವ ಲೆಕ್ಕ ಅದು. 3000 ಮಿಲಿಮೀಟರ್ ಅಂದರೆ ಮೂರು ಮೀಟರ್ ನೀರು. ಅಷ್ಟಿದ್ದರೆ ಸಾಕೇ ಸಾಕು, 6000ಕ್ಕೆ ಜಾಸ್ತಿ ದುಡ್ಡು ಕೊಡುವ ಅಗತ್ಯ ನನಗಂತೂ ಕಾಣಲಿಲ್ಲ. ಯಾಕಂದರೆ ನೀರು ಒಳಗೆ ಬರುವುದು ಬಟ್ಟೆ ತೂರಿಕೊಂಡಲ್ಲ, ಹೊಲಿಗೆಯಿಂದ, ಜಿಪ್ಪಿನಿಂದ, ಎಲ್ಲಕ್ಕಿಂತ ಹೆಚ್ಚಾಗಿ ವ್ಯಾನಿಗೆ ಸೇರುವ ಜಾಗದಿಂದ. ಲೇಕ್ ಡಿಸ್ಟ್ರಿಕ್ಟ್‌ನ ಬಾರೋಡೇಲ್ ಕಣಿವೆಯಲ್ಲಿ ಸೀತ್‌ವೇಟ್ ಅಂತ ಒಂದು ಪುಟ್ಟ ಹಳ್ಳಿ ಇದೆ, ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಆಗುಂಬೆ ಮುಂದೆ ಅದು ಅರ್ಧವೂ ಇಲ್ಲ, ಅಮ್ಮ ಕೇಳಿ ನಕ್ಕೇಬಿಟ್ಟಳು. ಆದರೆ ಇಲ್ಲಿಯದು ನೆಟ್ಟಗೆ ಸುರಿಯುವ ಮಳೆ ಕಡಿಮೆ, ಎರಚಲೇ ಜಾಸ್ತಿ. ಗಾಳಿ ಅಡ್ಡಡ್ಡ ಬೀಸಿ ಸಂದಿ ಸಂದಿಗೂ ನೀರು ನುಗ್ಗಿಸುತ್ತದೆ.

ಹಾಗಾಗಿ ನಾನು ತಲೆ ಕೆಡಿಸಿಕೊಂಡಿದ್ದು ಸೇರುವ ಜಾಗದ ಬಗ್ಗೆ. ಮೊದಲು ಎತ್ತರ. ಸಮ ನೆಲದ ಮೇಲೆ ವ್ಯಾನ್ ನಿಲ್ಲಿಸಿ ನೆಲದಿಂದ ಆನಿಂಗ್ ಸಿಕ್ಕಿಸುವ ಕಂಬಿಯವರೆಗೆ ಟೇಪ್ ಹಿಡಿದು ಅಳೆಯಬೇಕು. ನಮ್ಮಂಥ ವ್ಯಾನಿಗೆ ಎರಡು ಮೀಟರಿನ ಆಸುಪಾಸು, ಅಂದರೆ 180ರಿಂದ 210 ಸೆಂಟಿಮೀಟರ್ ಅಂತ ಬರೆದಿರುವ ಲೋ, ಅಂದರೆ ತಗ್ಗಿನ ಮಾದರಿ. ಡುಕಾಟೊ ಥರದ ಎತ್ತರದ ವ್ಯಾನಿಗೆ ಮಾಡಿದ್ದು ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಸುರಂಗದ ಬಟ್ಟೆ ಜೋತುಬೀಳುತ್ತದೆ, ಆ ಗುಂಡಿಯಲ್ಲಿ ನೀರು ನಿಲ್ಲುತ್ತದೆ, ರಾತ್ರಿ ಯಾರಾದರೂ ತಲೆ ತಾಗಿಸಿದರೆ ಅಷ್ಟೂ ಒಟ್ಟಿಗೆ ಬೀಳುತ್ತದೆ.

ಆಮೇಲೆ ಸಿಕ್ಕಿಸುವ ರೀತಿ. ಛಾವಣಿಯ ಮೇಲಿಂದ ಪಟ್ಟಿ ಎಸೆದು ಆಚೆ ಬದಿಗೆ ಕಟ್ಟಬಹುದು. ಅದರಲ್ಲಿ ವ್ಯಾನಿಗೂ ಬಟ್ಟೆಗೂ ನಡುವೆ ಬೆರಳು ತೂರುವಷ್ಟು ಸಂದಿ ಉಳಿಯುತ್ತದೆ, ಬಣ್ಣವೂ ಉಜ್ಜಿಹೋಗುತ್ತದೆ. ನಾವು ಪಕ್ಕಕ್ಕೆ ಕಂಬಿ ಹಾಕಿಸಿದೆವು. ಕಂಬಿಯ ಉದ್ದನೆಯ ಸೀಳಿಗೆ ಒಂದು ಬಟ್ಟೆಯ ಪಟ್ಟಿ, ಆನಿಂಗ್ ಅಂಚಿಗೆ ಇನ್ನೊಂದು, ಎರಡನ್ನೂ ಇಂಗ್ಲಿಷ್ 8ರ ಆಕಾರದ ಪ್ಲಾಸ್ಟಿಕ್ ಕೊಳವೆಗೆ ತೂರಿಸುವುದು. ಅಂಚಿನ ದಪ್ಪ 4 ಮತ್ತು 6 ಮಿಲಿಮೀಟರ್ ಅಂತ ಎರಡು ಬಗೆ ಇರುತ್ತದೆ, ಕೊಳ್ಳುವಾಗಲೇ ನೋಡಿಕೊಳ್ಳಿ. ಆ ಪಟ್ಟಿ ಜಾರುವ ಬಾಗಿಲಿಗಿಂತ ಎರಡೂ ಕಡೆ ಒಂದೊಂದು ಗೇಣು ಉದ್ದ ಇರಲಿ. ನೀರು ಪಟ್ಟಿ ಹಿಡಿದುಕೊಂಡೇ ಹರಿದು ಅದರ ತುದಿಯಲ್ಲಿ ತೊಟ್ಟಿಕ್ಕುತ್ತದೆ. ತುದಿ ಬಾಗಿಲಿನ ಆಚೆ ಇದ್ದರೆ ಹನಿ ಹೊರಗೆ, ಇಲ್ಲದಿದ್ದರೆ ಚಪ್ಪಲಿ ಬಿಟ್ಟ ಜಾಗಕ್ಕೇ. ವ್ಯಾನನ್ನು ಸ್ವಲ್ಪ ಸ್ವಲ್ಪವೇ ದೂರ ಸರಿಸಿ ಸುರಂಗ ಬಿಗಿಯಾಗುವ ತನಕ ನೋಡುವುದು ಹೆಂಡತಿಯ ಕೆಲಸ, ಸ್ಟಿಯರಿಂಗ್ ನನ್ನದು. ಜಗಳವೂ ಅಲ್ಲೇ.

ಗುಡಾರ ನಿಲ್ಲಿಸಲು ಕಂಬವೋ, ಗಾಳಿ ತುಂಬುವ ಕೊಳವೆಯೋ? ನಾವು ಗಾಳಿಯದ್ದನ್ನೇ ತಗೊಂಡೆವು. ಬಿರುಗಾಳಿಗೆ ಫೈಬರ್‌ಗ್ಲಾಸ್ ಕಡ್ಡಿ ಸೀಳಬಹುದು, ಗಾಳಿ ತುಂಬಿದ ಕೊಳವೆ ಬಗ್ಗಿ ಮತ್ತೆ ನೆಟ್ಟಗಾಗುತ್ತದೆ. ನಮ್ಮದಕ್ಕೆ 7 ಪಿಎಸ್ಐ ಒತ್ತಡ, ಕೈ ಪಂಪಿನಲ್ಲಿ ಒಬ್ಬರೇ ಹೊಡೆಯಬಹುದು. ತಣ್ಣನೆ ರಾತ್ರಿ ಕಳೆದು ಬೆಳಿಗ್ಗೆ ಮೆತ್ತಗಾಗಿದ್ದರೆ ತೂತಾಯಿತು ಅಂತ ಗಾಬರಿ ಬೇಡ, ಒಳಗಿನ ಗಾಳಿ ತಣ್ಣಗಾಗಿ ಕುಗ್ಗಿರುತ್ತದೆ ಅಷ್ಟೇ. ಕಷ್ಟ ಅಂದರೆ ತೂಕ, ಇಪ್ಪತ್ತು ಕಿಲೋ ಸುಮ್ನೆ ದಾಟುತ್ತದೆ. ಜೊತೆಗೆ ಕೊಡುವ ತಂತಿ ಗೂಟಗಳನ್ನು ಪಕ್ಕಕ್ಕಿಡಿ, ಜಲ್ಲಿ ಹಾಕಿದ ಜಾಗಕ್ಕೆ ದಪ್ಪ ಉಕ್ಕಿನ ಗೂಟ ಬೇಕೇಬೇಕು. ವ್ಯಾನನ್ನೇ ಗೋಡೆ ಮಾಡಿಕೊಂಡು ಗಾಳಿ ಬೀಸುವ ಕಡೆಗೆ ನಿಲ್ಲಿಸಿ, ಅದರ ಮರೆಯಲ್ಲಿ ಆನಿಂಗ್ ಹಾಕುತ್ತೇವೆ. ಗಂಟೆಗೆ 40 ಮೈಲಿ ಗಾಳಿ ಅಂತ ಮುನ್ಸೂಚನೆ ಇದ್ದರೆ ಯಾವ ಬ್ರಾಂಡ್ ಆದರೂ ಸರಿ, ಇಳಿಸಿಬಿಡುತ್ತೇವೆ.

ಒಳಗೆ ಒಲೆ ಹಚ್ಚುವುದಿಲ್ಲ. ಅಮ್ಮನಿಗೆ ಇದೊಂದು ಬೇಜಾರು. "ಇಷ್ಟು ದೊಡ್ಡ ಚಪ್ಪರ ಹಾಕಿ ಒಗ್ಗರಣೆಗೆ ಹೊರಗೆ ಹೋಗಬೇಕೇನೋ?" ಹೋಗಬೇಕಮ್ಮ. ಮುಚ್ಚಿದ ಗುಡಾರದಲ್ಲಿ ಗ್ಯಾಸ್ ಒಲೆಯಾಗಲಿ ಇದ್ದಿಲಾಗಲಿ ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ತುಂಬುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ಕೆಂಡ ಆರಿದಂತೆ ಕಂಡರೂ ಒಳಗೆ ತರಬಾರದು.

ಬೆಳಿಗ್ಗೆ ಒಳಗಿನ ಗೋಡೆಯೆಲ್ಲ ಹನಿ ಹನಿ ಇದ್ದರೆ ಸೋರಿದ್ದಲ್ಲ, ನಮ್ಮ ಉಸಿರೇ ತಣ್ಣನೆ ಪಾಲಿಯೆಸ್ಟರಿಗೆ ತಾಗಿ ನೀರಾಗಿದ್ದು. ಗಾಳಿಕಿಂಡಿ ತೆರೆದಿಟ್ಟು ಮಲಗಿ. ಹತ್ತಿ ಬೆರೆತ ಬಟ್ಟೆಯಲ್ಲಿ ಇದು ಕಡಿಮೆ, ಆದರೆ ಅದು ಇನ್ನೂ ಭಾರ, ಒಣಗುವುದೂ ನಿಧಾನ. ಯಾವುದೇ ಬಟ್ಟೆ ಆಗಲಿ, ಒದ್ದೆಯಾಗಿ ಮಡಚಿ ತಂದರೆ ಮನೆಗೆ ಬಂದ ದಿನವೇ ಹರವಿ, ಇಲ್ಲದಿದ್ದರೆ ಬೂಷ್ಟು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಚೀಲ ಬಿಚ್ಚಿಸಿ ಮೊದಲು ಮೂಸಿ ನೋಡಿ, ಆಮೇಲೆ ಹೊಲಿಗೆಯ ಒಳಗಿನ ಟೇಪಿನ ಮೇಲೆ ಉಗುರು ಆಡಿಸಿ. ಸಿಪ್ಪೆ ಎದ್ದರೆ ಬೇಡ. ಗಾಳಿ ತುಂಬಿಸಿ ಒಂದು ಗಂಟೆ ನಿಲ್ಲಿಸಲು ಮಾರುವವರು ಒಪ್ಪದಿದ್ದರೆ ಅಲ್ಲಿಂದ ಎದ್ದು ಬನ್ನಿ.