ಬೀಕರಿನಲ್ಲೊಂದು ಸೋಡಾ ಸರೋವರ

ಜೀವದ ಉಗಮಕ್ಕೆ ಸಾಗರಕ್ಕಿಂತ ಸರೋವರವೇ ಅನುಕೂಲವಾಗಿದ್ದಿರಬಹುದೆಂಬ ವಾದವನ್ನು ಓದಿದಾಗಲೆಲ್ಲ ನನ್ನ ಗಮನ ಹೋಗುತ್ತಿದ್ದುದು ರಂಜಕದ ಕಡೆಗೆ. ಆರ್‌ಎನ್‌ಎ, ಡಿಎನ್‌ಎ, ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಲ್ಲಕ್ಕೂ ರಂಜಕದ ಸಂಯುಕ್ತವಾದ ಫಾಸ್ಫೇಟ್ ಬೇಕು. ಆದರೆ ನೀರಿನಲ್ಲಿ ಕ್ಯಾಲ್ಸಿಯಂ ಇದ್ದರೆ ಅದು ಫಾಸ್ಫೇಟನ್ನು ಹಿಡಿದು ಅಪಟೈಟ್ ಖನಿಜವಾಗಿ ತಳ ಸೇರುತ್ತದೆ. ಕಾರ್ಬೊನೇಟ್ ಹೇರಳವಾಗಿರುವ ಸೋಡಾ ಸರೋವರಗಳಲ್ಲಿ ಕ್ಯಾಲ್ಸಿಯಂ ಮೊದಲೇ ಕಾರ್ಬೊನೇಟಿನೊಡನೆ ಸೇರಿಹೋಗುವುದರಿಂದ ಫಾಸ್ಫೇಟ್ ನೀರಿನಲ್ಲೇ ಉಳಿಯುತ್ತದೆ ಎಂದು 2020ರಲ್ಲಿ ವಿಜ್ಞಾನಿಗಳಾದ ಟೋನರ್ ಮತ್ತು ಕ್ಯಾಟ್ಲಿಂಗ್ ತೋರಿಸಿದ್ದರು. ಅದನ್ನು ಕಣ್ಣಾರೆ ನೋಡಬೇಕೆನಿಸಿತು.

ಒಂದು ಬೀಕರಿನಲ್ಲಿ ಬರೀ ನೀರು, ಇನ್ನೊಂದರಲ್ಲಿ ಸೋಡಿಯಂ ಕಾರ್ಬೊನೇಟ್ ಮತ್ತು ಬೈಕಾರ್ಬೊನೇಟುಗಳ ಗಾಢ ದ್ರಾವಣ. ಎರಡಕ್ಕೂ ಸಮ ಪ್ರಮಾಣದ ಕ್ಯಾಲ್ಸಿಯಂ ಕ್ಲೋರೈಡ್, ಆಮೇಲೆ ಫಾಸ್ಫೇಟ್ ಹಾಕಿ, ಒಂದು ದಿನ ಬಿಟ್ಟು ಸೋಸಿದೆ. ಎರಡರಲ್ಲೂ ಕರಗದೆ ತಳ ಸೇರುವ ಬಿಳಿಯ ಪ್ರಕ್ಷೇಪ ಬಂದಿತ್ತು, ಆದ್ದರಿಂದ ಬರಿಗಣ್ಣಿಗೆ ಏನೂ ತಿಳಿಯಲಿಲ್ಲ. ಸೋಸಿದ ನೀರನ್ನೇ ಪರೀಕ್ಷಿಸಬೇಕಾಯಿತು.

ಅಲ್ಲೇ ನಾನು ಎಡವಿದೆ. ಅಮೋನಿಯಂ ಮಾಲಿಬ್ಡೇಟ್ ಮತ್ತು ಆಸ್ಕಾರ್ಬಿಕ್ ಆಮ್ಲ ಬೆರೆಸಿದರೆ ಫಾಸ್ಫೇಟ್ ನೀಲಿ ಬಣ್ಣ ಕೊಡುತ್ತದೆ, ಆದರೆ ಕ್ರಿಯೆಗೆ ಆಮ್ಲೀಯ ವಾತಾವರಣ ಬೇಕು. ಕಾರ್ಬೊನೇಟ್ ದ್ರಾವಣಕ್ಕೆ ಆಮ್ಲ ಸೇರಿದ ಈ ಪರೀಕ್ಷಾ ಮಿಶ್ರಣವನ್ನು, ಅಂದರೆ ಕಾರಕವನ್ನು, ನೇರವಾಗಿ ಸುರಿದಾಗ ನಳಿಕೆಯೊಳಗೆ ನೊರೆ ಬುಸುಗುಟ್ಟಿ ಉಕ್ಕಿ ಹೊರಚೆಲ್ಲಿತು. ಕಾರಕದ ಆಮ್ಲವೆಲ್ಲ ಕಾರ್ಬೊನೇಟನ್ನು ತಣಿಸುವುದರಲ್ಲೇ ಮುಗಿದಿದ್ದರಿಂದ ಬಣ್ಣವೇ ಬರಲಿಲ್ಲ. ಫಾಸ್ಫೇಟ್ ಇಲ್ಲವೆಂದೇ ಬರೆದುಕೊಳ್ಳುವವನಿದ್ದೆ. ಮರುದಿನ ಗಂಧಕಾಮ್ಲವನ್ನು ಹನಿಹನಿಯಾಗಿ ಹಾಕಿ, ಗುಳ್ಳೆಗಳು ನಿಂತ ಮೇಲೆ ಕಾರಕ ಬೆರೆಸಿದೆ. ಕಾರ್ಬೊನೇಟ್ ಬೀಕರಿನ ಮಾದರಿ ದಟ್ಟ ನೀಲಿಯಾಯಿತು, ಬರೀ ನೀರಿನದು ತೀರಾ ಮಂಕಾಗಿತ್ತು.

ಕೆನಡಾದ ಬ್ರಿಟಿಷ್ ಕೊಲಂಬಿಯಾದ ಲಾಸ್ಟ್ ಚಾನ್ಸ್ ಸರೋವರದಲ್ಲಿ ಫಾಸ್ಫೇಟ್ ಸಾಗರದ ನೀರಿಗಿಂತ ಸಾವಿರ ಪಟ್ಟಿಗೂ ಹೆಚ್ಚಿದೆ. ಹತ್ತಿರದ ಗುಡಿನಫ್ ಸರೋವರದಲ್ಲಿ ಅಷ್ಟಿಲ್ಲ, ಏಕೆಂದರೆ ಅಲ್ಲಿ ಹುಲುಸಾಗಿ ಬೆಳೆಯುವ ಸೂಕ್ಷ್ಮಜೀವಿಗಳು ಅದನ್ನು ಬಳಸಿಕೊಳ್ಳುತ್ತವೆ. ಜೀವಪೂರ್ವ ಭೂಮಿಯಲ್ಲಿ ಈ ಪೈಪೋಟಿ ಇರಲಿಲ್ಲವೆಂಬುದು, ನನ್ನ ಮಟ್ಟಿಗೆ, ವಾದದ ಬಲವಾದ ಭಾಗ.

ಕೊನೆಗೆ ಕಾರ್ಬೊನೇಟ್ ದ್ರಾವಣವನ್ನು ಅಗಲ ತಟ್ಟೆಯಲ್ಲಿಟ್ಟು, ಸರೋವರ ಬತ್ತುವಂತೆ, ನಿಧಾನವಾಗಿ ಒಣಗಲು ಬಿಟ್ಟೆ. ನೀರು ಇಳಿದಂತೆ ಅಂಚಿನಲ್ಲಿ ಸೋಡಾ ಹರಳುಗಳು ಕಟ್ಟಿದವು. ಉಳಿದ ನೀರಿನಲ್ಲಿ ಫಾಸ್ಫೇಟ್ ಎಷ್ಟು ಸಾಂದ್ರವಾಯಿತೆಂದರೆ, ಪ್ರತಿ ಸಲವೂ ಮಾದರಿಯನ್ನು ಹಿಂದಿಗಿಂತ ಹೆಚ್ಚು ತೆಳುಗೊಳಿಸದೆ ನೀಲಿಯನ್ನು ಅಳೆಯಲು ಸಾಧ್ಯವಾಗಲಿಲ್ಲ.