ಶ್ಪಾರ್ಗೆಲ್ಲಿಗೆ ಒಗ್ಗರಣೆ ಒಗ್ಗಿದ ಬಗೆ

ಈ ವರ್ಷದ ಬಸವ ಜಯಂತಿಯ ಊಟಕ್ಕೆ ನಾನು ಮಾಡಿಕೊಟ್ಟ ಬಿಳಿ ಶ್ಪಾರ್ಗೆಲ್ಲಿನ (ಆಸ್ಪರಾಗಸ್ಸಿಗೆ ಜರ್ಮನ್ನರು ಹೇಳುವ ಹೆಸರು) ಮಜ್ಜಿಗೆ ಹುಳಿ ಎರಡನೆಯ ಪಂಕ್ತಿ ಏಳುವ ಮೊದಲೇ ತಳ ಕಂಡಿತು. ಅರವತ್ತು ಜನರ ಊಟದಲ್ಲಿ ಪಾಯಸ ಉಳಿಯಿತು, ಹುಳಿಯನ್ನ ಉಳಿಯಿತು, ಇದೊಂದು ಮಾತ್ರ ಉಳಿಯಲಿಲ್ಲ. ನಾಲ್ಕು ವರ್ಷಗಳ ಹಿಂದೆ ಇದೇ ತರಕಾರಿಯನ್ನು ಊಟದ ಡಬ್ಬಿಗೆ ಹಾಕಿ ಕಳಿಸಿದಾಗ ಅರ್ಧಕ್ಕರ್ಧ ಜನ ದೂರು ಹೇಳಿದ್ದರು. ಆದ್ದರಿಂದ ಈ ಬರಹದಲ್ಲಿ ಸ್ವಲ್ಪ ಜಂಬ ಕಂಡರೆ, ಹೊರದೇಶದಲ್ಲಿ ಡಬ್ಬಿ ಕಟ್ಟಿ ಕೈ ಸುಟ್ಟುಕೊಂಡಿರುವ ನೀವು ಅದನ್ನು ಮನ್ನಿಸುವಿರೆಂದು ನಂಬಿದ್ದೇನೆ.

ನಾನಿರುವುದು ಜರ್ಮನಿಯ ಹೈಡೆಲ್‌ಬರ್ಗಿನ ಬಳಿ. ಹತ್ತೇ ಕಿಲೋಮೀಟರಿಗೆ ಶ್ವೆಟ್ಸಿಂಗೆನ್. ಅಲ್ಲಿನ ಅರಮನೆಯ ತೋಟದಲ್ಲಿ 1668ರಿಂದ ಆಸ್ಪರಾಗಸ್ ಬೆಳೆದಿದ್ದಾರೆ, ಅರಮನೆಯ ಮುಂದಿನ ಚೌಕದಲ್ಲಿ ಶ್ಪಾರ್ಗೆಲ್ ಮಾರುವ ಹೆಂಗಸಿನದೇ ಒಂದು ಪ್ರತಿಮೆಯೂ ಇದೆ. ಏಪ್ರಿಲ್ ನಡುವಿನಿಂದ ಜೂನ್ 24ರವರೆಗೆ ಇಲ್ಲಿನವರಿಗೆ ಬೇರೆ ತರಕಾರಿಯೇ ಕಣ್ಣಿಗೆ ಬೀಳುವುದಿಲ್ಲ. ಬೇಯಿಸಿದ ದಂಟು, ಕರಗಿಸಿದ ಬೆಣ್ಣೆ ಅಥವಾ ಮೊಟ್ಟೆಯ ಹಳದಿಯ ಸಾಸು, ಪಕ್ಕದಲ್ಲಿ ಆಲೂಗಡ್ಡೆ: ತಲೆಗೆ ಅರ್ಧ ಕಿಲೋ ಲೆಕ್ಕದಲ್ಲಿ ತಿಂದು ಮುಗಿಸುತ್ತಾರೆ. ನಮ್ಮೂರಿನ ಹೋಟೆಲುಗಳ ಮೆನುವಿನಲ್ಲಿ ಕಾಣುವ ಹಸಿರು ಕಡ್ಡಿಯಂಥದ್ದಲ್ಲ ಇದು. ಗಿಡ ಒಂದೇ ಆದರೂ, ಸಾಲಿನ ಮೇಲೆ ಮಣ್ಣು ಏರಿಸಿ ಬೆಳಕು ತಾಗದಂತೆ ಬೆಳೆಸಿ, ತಲೆ ಹೊರಹಾಕುವ ಮೊದಲೇ ಮಣ್ಣಿನೊಳಗೆ ಕತ್ತಿ ತೂರಿಸಿ ಒಂದೊಂದನ್ನೇ ಕೈಯಿಂದ ಕೊಯ್ಯುವ ಹೆಬ್ಬೆರಳು ದಪ್ಪದ ಬಿಳಿ ದಂಟು. ದುಬಾರಿಯಾಗುವುದಕ್ಕೆ ಈ ಕೈಕೆಲಸವೇ ಮುಖ್ಯ ಕಾರಣ.

ನಮ್ಮ ಕಡೆಯವರಲ್ಲಿ ಇಪ್ಪತ್ತು ವರ್ಷಗಳಿಂದ ಇಲ್ಲಿ ಅಡುಗೆ ಮಾಡಿಸಿದ ಅನುಭವವಿರುವ ಒಬ್ಬ ಅಕ್ಕ ನನಗೆ ಮೊದಲೇ ಹೇಳಿದ್ದರು: "ನೋಡಮ್ಮಾ, ಅದು ಬೆಣ್ಣೆಗೇ ಹುಟ್ಟಿದ ತರಕಾರಿ. ಇಂಗು ತಾಗಿದರೆ ಅದರ ರುಚಿ ಹೋಗುತ್ತದೆ, ಹಾಕದಿದ್ದರೆ ನಮ್ಮವರಿಗೆ ರುಚಿ ಸಾಲದು. ಯಾಕೆ ದುಡ್ಡು ಕಳೆದುಕೊಳ್ಳುತ್ತೀಯ?" ಆ ಮಾತು ಮೂರು ವರ್ಷ ಅಕ್ಷರಶಃ ನಿಜವಾಯಿತು.

ಮೊದಲ ವರ್ಷ ಮಾಡಿದ್ದು ಶುದ್ಧ ದುಡುಕು. ಹಂಗಾಮು ಆರಂಭವಾದ ವಾರದಲ್ಲೇ, ಕಿಲೋಗೆ ಹದಿಮೂರೋ ಹದಿನಾಲ್ಕೋ ಯೂರೋ ಇದ್ದಾಗ, ಮೊದಲ ದರ್ಜೆಯ ದಂಟು ಆರು ಕಿಲೋ ತಂದು, ಹುರುಳಿಕಾಯಿಯಂತೆ ಸಣ್ಣಗೆ ಹೆಚ್ಚಿ ಪಲ್ಯ ಮಾಡಿದೆ. ಸಿಪ್ಪೆಯನ್ನು ಮೇಲಿಂದ ಮೇಲೆ ಒಂದು ಸುತ್ತು ಮಾತ್ರ ಹೆರೆದಿದ್ದೆ. ಒಂಬತ್ತು ಯೂರೋದ ಇಪ್ಪತ್ತೈದು ಡಬ್ಬಿ ಹೋದವು, ಹನ್ನೊಂದು ಮನೆಗಳಿಂದ ದೂರು ಬಂತು: ಬಾಯಲ್ಲಿ ನಾರು ಉಳಿಯುತ್ತದೆ, ಪಲ್ಯ ನೀರು ಬಿಟ್ಟಿದೆ. ಮರುವಾರ ಅವರಿಗೆಲ್ಲ ಪುಕ್ಕಟೆ ಡಬ್ಬಿ ಕೊಟ್ಟು ಬಾಯಿ ಮುಚ್ಚಿಸಿದ್ದೂ ಸೇರಿ ಸುಮಾರು ನೂರೈವತ್ತು ಯೂರೋ ಕೈಬಿಟ್ಟಿತು. ಇದಲ್ಲದೆ ಒಬ್ಬ ಹಿರಿಯರು ಮಾರನೆಯ ದಿನ ಕರೆ ಮಾಡಿ, ಬಹಳ ಸಂಕೋಚದಿಂದ, ಮೂತ್ರಕ್ಕೆ ವಿಚಿತ್ರ ವಾಸನೆ ಬಂದಿದೆ, ಡಾಕ್ಟರರ ಬಳಿ ಹೋಗಬೇಕೇ ಎಂದು ಕೇಳಿದರು. ಆಸ್ಪರಾಗಸ್ ತಿಂದವರಿಗೆ ಅದು ಸಹಜ, ಅದರಲ್ಲಿರುವ ಗಂಧಕದ ಅಂಶದಿಂದ ಹಾಗಾಗುತ್ತದೆ, ಕೆಲವರ ಮೂಗಿಗೆ ಆ ವಾಸನೆ ತಿಳಿಯುವುದೇ ಇಲ್ಲ ಎಂದು ಸಮಾಧಾನ ಹೇಳಬೇಕಾಯಿತು. ಅಂದಿನಿಂದ ಶ್ಪಾರ್ಗೆಲ್ ಇರುವ ಡಬ್ಬಿಯ ಚೀಟಿಯಲ್ಲಿ ಈ ಸಂಗತಿಯನ್ನು ಒಂದು ಸಾಲಿನಲ್ಲಿ ಬರೆದೇ ಕಳಿಸುತ್ತೇನೆ. ನೀವೂ ಬರೆಯುವುದು ಒಳ್ಳೆಯದು.

ಎರಡನೆಯ ವರ್ಷ ದಾರಿ ತಪ್ಪಿಸಿದ್ದು ನನ್ನ ಮಲೆನಾಡಿನ ತಲೆ. ನಮ್ಮದು ಸಾಗರದ ಕಡೆ. ಫೋನಿನಲ್ಲಿ ಅಮ್ಮನಿಗೆ ಇದನ್ನು ವಿವರಿಸಿದಾಗ, "ಅದು ನಮ್ಮ ಬೇಲಿಯ ಶತಾವರಿ ಜಾತಿಯೇ ಅಲ್ಲವೇ ಕೂಸೇ, ಹಲವು ಮಕ್ಕಳ ತಾಯಿ ಬೇರು ಅನ್ನುತ್ತೇವಲ್ಲ" ಎಂದರು. ಜಾತಿ ಹೌದು, ಎರಡೂ ಒಂದೇ ಕುಲದವು. ಆದರೆ ಅಮ್ಮ ಮುಂದುವರಿದು, "ಮಣ್ಣಿನೊಳಗಿನ ಮೊಳಕೆ ಅಂದಮೇಲೆ ಕಳಲೆಯ ಹಾಗೆ ನೀರಲ್ಲಿ ಹಾಕಿಡು, ಕಹಿ ಬಿಡುತ್ತದೆ" ಎಂದದ್ದನ್ನು ನಾನು ಅಕ್ಷರಶಃ ಪಾಲಿಸಿದೆ. ನಾಲ್ಕು ಕಿಲೋ ದಂಟನ್ನು ಹೆಚ್ಚಿ, ನೀರು ಬದಲಿಸುತ್ತಾ ಒಂದು ಹಗಲು ಒಂದು ರಾತ್ರಿ ನೆನೆಸಿದೆ. ಕಳಲೆಗೆ ಆ ಉಪಚಾರ ಬೇಕು, ನೆನೆಸದೆ ತಿನ್ನುವಂತೆಯೇ ಇಲ್ಲ. ಶ್ಪಾರ್ಗೆಲ್ಲಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರು, ರುಚಿಯೆಂಬುದು ಇರುವುದೇ ಚೂರು, ಅದೂ ಪಾತ್ರೆಯ ನೀರಿಗೆ ಹೋಯಿತು. ಉಳಿದದ್ದನ್ನು ಊರಿನಿಂದ ಹೊತ್ತು ತಂದಿದ್ದ ಕಬ್ಬಿಣದ ಬಾಣಲೆಯಲ್ಲಿ ಬಾಡಿಸಲು ಹೋದೆ. ಹತ್ತು ನಿಮಿಷದಲ್ಲಿ ಬಿಳಿ ದಂಟು ಮಳೆಗಾಲದ ಹಳೆಯ ಗೋಡೆಯ ಬಣ್ಣಕ್ಕೆ ತಿರುಗಿತು. ಅರಿಶಿನ ಹಾಕಿ ಮುಚ್ಚಿಹಾಕಲು ನೋಡಿದೆ, ಇನ್ನೂ ಹೊಲಸಾಯಿತು. ಈ ತರಕಾರಿಗೂ ಕಬ್ಬಿಣಕ್ಕೂ ಆಗಿಬರುವುದಿಲ್ಲ, ಸ್ಟೀಲ್ ಪಾತ್ರೆಯನ್ನೇ ಬಳಸಿ.

ಮೂರನೆಯ ವರ್ಷ ಬೂದುಗುಂಬಳಕ್ಕೆ ಮಾಡುವಂತೆ ನೇರವಾಗಿ ಮಜ್ಜಿಗೆ ಹುಳಿಯಲ್ಲೇ ಬೇಯಿಸಿದೆ. ವಾಸನೆ ಮೊದಲ ಬಾರಿಗೆ ಹೊಂದಿಕೊಂಡಿತ್ತು, ಆದ್ದರಿಂದಲೇ ದಾರಿ ಇಲ್ಲೇ ಇದೆ ಎಂದು ಗೊತ್ತಾಯಿತು. ಆದರೆ ದಂಟು ಬೇಯುವಷ್ಟರಲ್ಲಿ ಮೊಸರು ಒಡೆಯಿತು, ಮೊಸರನ್ನು ಉಳಿಸಲು ಬೇಗ ಇಳಿಸಿದರೆ ಬುಡದ ಹೋಳು ಕಟುಂ ಎನ್ನುತ್ತಿತ್ತು, ತುದಿಯ ಮೊಗ್ಗು ಮಾತ್ರ ಕರಗಿ ಮಾಯವಾಗಿತ್ತು. ಆ ವರ್ಷ ಮಾರಲಿಲ್ಲ, ಮನೆಯಲ್ಲೇ ತಿಂದೆವು. ನನ್ನ ಯಜಮಾನರು ಜೂನ್ ಬಂದಾಗ ನಿಟ್ಟುಸಿರು ಬಿಟ್ಟರು.

ತಿದ್ದಿಕೊಂಡದ್ದು ಹೇಗೆಂದರೆ, ಒಂದು ಸಂಜೆ ದಂಟು ಹೆರೆಯುತ್ತಿರುವಾಗ ಬೆರಳಿಗೆ ಸುತ್ತಿಕೊಂಡ ನಾರನ್ನು ನೋಡಿ ಬಾಳೆದಿಂಡು ನೆನಪಾಯಿತು. ಬಾಳೆದಿಂಡನ್ನು ಯಾರೂ ದಿನಗಟ್ಟಲೆ ನೆನೆಸುವುದಿಲ್ಲ, ಮಸಾಲೆಯಲ್ಲಿ ಗಂಟೆಗಟ್ಟಲೆ ಕುದಿಸುವುದಿಲ್ಲ, ನಾರು ತೆಗೆಯುವುದರಲ್ಲೇ ಮುಕ್ಕಾಲು ಅಡುಗೆ ಮುಗಿದಿರುತ್ತದೆ. ಶ್ಪಾರ್ಗೆಲ್ಲನ್ನು ಕಳಲೆಯ ಅಥವಾ ಹುರುಳಿಕಾಯಿಯ ನೆಂಟನೆಂದು ತಿಳಿದದ್ದೇ ನನ್ನ ತಪ್ಪು.

ಈಗ ಮಾಡುವ ಕ್ರಮ ಹೀಗಿದೆ. ಮೊಗ್ಗಿನ ಕೆಳಗೆ ಎರಡು ಬೆರಳು ಬಿಟ್ಟು ಬುಡದವರೆಗೆ ಹೆರೆಯಬೇಕು, ಬುಡದ ಅರ್ಧಕ್ಕೆ ಎರಡನೆಯ ಸುತ್ತು ಕಡ್ಡಾಯ. ಹೊಳಪು ಹೋಗಿ ಮೈ ಮಂಕಾಗಿ ಕಂಡರೆ ಸಿಪ್ಪೆ ಪೂರ್ತಿ ಹೋಗಿದೆ ಎಂದರ್ಥ, ಎಲ್ಲಾದರೂ ಒಂದು ಪಟ್ಟಿ ಮಿರುಗಿದರೂ ಅದು ಹಲ್ಲಿಗೆ ಸಿಗುತ್ತದೆ. ಬುಡದ ಒಂದು ಅಂಗುಲ ಕತ್ತರಿಸಿ ತೆಗೆಯಬೇಕು. ಕಿಲೋಗೆ ಏಳುನೂರು ಗ್ರಾಂ ಕೈಗೆ ಬರುತ್ತದೆ. ಆ ಸಿಪ್ಪೆ, ಬುಡಗಳನ್ನು ಎಸೆಯುವುದೆಂದರೆ ದುಡ್ಡು ಎಸೆದಂತೆ. ಅವು ಮುಳುಗುವಷ್ಟು ನೀರಿಗೆ ಉಪ್ಪು, ನಿಂಬೆಗಾತ್ರದ ಬೆಲ್ಲದ ಬದಲಿಗೆ ಒಂದು ಚಮಚ ಸಕ್ಕರೆ (ಬೆಲ್ಲ ಬಣ್ಣ ಕೆಡಿಸುತ್ತದೆ), ನಾಲ್ಕು ಹನಿ ನಿಂಬೆರಸ ಹಾಕಿ ಕಾಲು ಗಂಟೆ ಕುದಿಸಿ ಸೋಸಿಕೊಳ್ಳುತ್ತೇನೆ. ಇನ್ನೂ ಹೆಚ್ಚು ಕುದಿಸಿದರೆ ಕಹಿ ಇಳಿಯುತ್ತದೆ. ಎರಡಂಗುಲದ ಹೋಳುಗಳು ಬೇಯುವುದು ಈ ಸಿಪ್ಪೆನೀರಿನಲ್ಲೇ: ಬುಡದ ಕಡೆಯವು ಮೊದಲು, ನಡುವಿನವು ಎರಡು ನಿಮಿಷ ಬಿಟ್ಟು, ಮೊಗ್ಗುಗಳು ಕೊನೆಯ ಮೂರು ನಿಮಿಷಕ್ಕೆ. ಒಟ್ಟು ಎಂಟೊಂಬತ್ತು ನಿಮಿಷ. ಚಾಕುವಿನ ಮೊನೆ ಒಳಗಿಳಿಯುವಾಗ ನಡುವಿನಲ್ಲಿ ಸ್ವಲ್ಪ ತಡೆಯಬೇಕು.

ಇದರ ನಂತರದ ಹೆಜ್ಜೆಯನ್ನು ಯಾರೂ ನಂಬುವುದಿಲ್ಲ. ಬೆಂದ ಹೋಳುಗಳನ್ನು ಜಾಲರಿಯಲ್ಲಿ ಬಸಿದರೆ ಸಾಲದು, ಒಣಗಿದ ಪಂಚೆಯ ಮೇಲೆ ಒಂದಕ್ಕೊಂದು ತಾಗದಂತೆ ಹರವಿ ಹಬೆ ಪೂರ್ತಿ ಆರುವವರೆಗೆ, ಸುಮಾರು ಇಪ್ಪತ್ತು ನಿಮಿಷ, ಬಿಡಬೇಕು. ಅರವತ್ತು ಜನರ ಅಡುಗೆಯ ದಿನ ಬಾಡಿಗೆ ಅಡುಗೆಮನೆಯ ಮೂರು ಮೇಜುಗಳ ಮೇಲೂ ಬಿಳಿ ಪಂಚೆ ಹಾಸಿ ಶ್ಪಾರ್ಗೆಲ್ ಒಣಹಾಕಿದ್ದನ್ನು ನೋಡಿ, ಬಡಿಸಲು ಬಂದ ಹುಡುಗರು ಸಂಡಿಗೆಯೆಂದುಕೊಂಡರು. ಪಂಚೆ ಹೀರಿಕೊಳ್ಳುವ ನೀರೇ ಹಿಂದೆಲ್ಲ ನನ್ನ ಹುಳಿಯನ್ನು ತೆಳ್ಳಗೆ ಮಾಡಿದ್ದು.

ಮಜ್ಜಿಗೆ ಹುಳಿಯನ್ನು ಬೇರೆಯೇ ಕುದಿಸಿ, ಎಂದಿಗಿಂತ ಗಟ್ಟಿಯಾಗಿ ಇಟ್ಟುಕೊಳ್ಳುತ್ತೇನೆ. ಇಲ್ಲಿನ ಮೊಸರು ಸಪ್ಪೆ, ಹಿಂದಿನ ರಾತ್ರಿಯೇ ಹೊರಗಿಟ್ಟು ಹುಳಿ ಬರಿಸಬೇಕು. ತೆಂಗಿನಕಾಯಿ, ಹಸಿಮೆಣಸು, ಜೀರಿಗೆ, ನೆನೆಸಿದ ಕಡಲೆಬೇಳೆ ಎಲ್ಲರಿಗೂ ಗೊತ್ತಿರುವುದೇ. ನಾನು ರುಬ್ಬುವಾಗ ಹಾಕುವ ಇನ್ನೊಂದು ಸಾಮಾನಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನಿಮ್ಮ ಅಡುಗೆಮನೆಯಲ್ಲಿ ಅದು ಇದ್ದೇ ಇದೆ ಎಂದಷ್ಟೇ ಹೇಳಬಲ್ಲೆ. ಒಲೆಯಿಂದ ಇಳಿಸಿದ ಮೇಲೆ ಹೋಳು ಹಾಕಿ, ಮುಚ್ಚಿ ಹತ್ತು ನಿಮಿಷ ಬಿಟ್ಟು, ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಕರಿಬೇವಿನ ಒಗ್ಗರಣೆ. ಇಂಗಿನ ವಿಷಯದಲ್ಲಿ ಅಕ್ಕ ಹೇಳಿದ್ದು ಅರ್ಧ ಸರಿ: ಒಗ್ಗರಣೆಯಲ್ಲಿ ಸಿಡಿದ ಇಂಗು ದಂಟಿನ ಸೂಕ್ಷ್ಮ ಸಿಹಿಯನ್ನು ತುಳಿದುಹಾಕುತ್ತದೆ, ಆದರೆ ಅದೇ ಇಂಗು ಸಿಪ್ಪೆನೀರಿನ ತಿಳಿಸಾರಿಗೆ ಬಹಳ ಚೆನ್ನಾಗಿ ಹೊಂದುತ್ತದೆ. ಉಳಿದ ಸಿಪ್ಪೆನೀರಿಗೆ ಮೆಣಸು, ಜೀರಿಗೆ, ಇಂಗು, ತುಪ್ಪ, ಬೇಳೆಯೇ ಬೇಡ. ಬಸವ ಜಯಂತಿಯ ದಿನ ಕುಡಿಯಲು ಲೋಟದಲ್ಲಿ ಕೊಟ್ಟಿದ್ದು ಇದನ್ನೇ, ಖರ್ಚು ಹೆಚ್ಚುಕಡಿಮೆ ಶೂನ್ಯ.

ಹಸಿರು ಆಸ್ಪರಾಗಸ್ಸಿನದು ಬೇರೆ ಸ್ವಭಾವ. ಅದನ್ನು ಬುಡದ ಮೂರನೆಯ ಒಂದು ಪಾಲು ಮಾತ್ರ ಹೆರೆದು, ಅಗಲ ಬಾಣಲೆಯ ಒಗ್ಗರಣೆಗೆ ದೊಡ್ಡ ಉರಿಯಲ್ಲಿ ಹಾಕಿ, ಮುಚ್ಚಳ ಮುಟ್ಟದೆ ನಾಲ್ಕೈದು ನಿಮಿಷ ಆಡಿಸಿದರೆ ಪಲ್ಯ ಸಿದ್ಧ. ಮುಚ್ಚಿದರೆ ಬಣ್ಣ ಹೋಗುತ್ತದೆ, ಹುಣಸೆಯೋ ನಿಂಬೆಯೋ ಮೊದಲೇ ಬಿದ್ದರೂ ಹೋಗುತ್ತದೆ. ಹುಳಿ ಒಲೆಯಿಂದ ಇಳಿಸಿದ ಮೇಲೆಯೇ.

ದುಡ್ಡಿನ ಮಾತು. ಲಾಭದ ಗುಟ್ಟೆಲ್ಲ ಮುರಿದ ದಂಟಿನಲ್ಲಿದೆ. ಮೇ ತಿಂಗಳಲ್ಲಿ ಮೊದಲ ದರ್ಜೆ ಒಂಬತ್ತು ಹತ್ತು ಯೂರೋಗೆ ಇಳಿದಾಗ ಮುರಿದದ್ದು ಐದಕ್ಕೆ ಸಿಗುತ್ತದೆ, ರುಚಿಯಲ್ಲಿ ಕೂದಲಿನಷ್ಟೂ ಕಡಿಮೆಯಿಲ್ಲ, ನಾವು ಹೇಗೂ ಹೆಚ್ಚುವವರು. ತಾಜಾತನ ನೋಡಲು ಎರಡು ತುಂಡನ್ನು ಒಂದಕ್ಕೊಂದು ಉಜ್ಜಿ: ಕೀಚ್ ಎಂದು ಕೂಗಬೇಕು, ಬುಡ ಒತ್ತಿದರೆ ರಸ ಒಸರಬೇಕು. ಹುಳಿವಾಸನೆ ಬಂದರೆ ನಮಸ್ಕಾರ ಹೇಳಿ ಮುಂದೆ ನಡೆಯಿರಿ. ಯಾವ ಹೊಲದ ಅಂಗಡಿಯಲ್ಲಿ ಯಾವ ಹೊತ್ತಿಗೆ ಹೋದರೆ ಇನ್ನೂ ಅಗ್ಗ ಎಂಬುದನ್ನು ಮಾತ್ರ ಕೇಳಬೇಡಿ. ಈ ಸಲ ಹತ್ತು ಕಿಲೋ ಐವತ್ತು ಯೂರೋಗೆ ಬಂತು. ತುಂಡುಗಳು ಗಿಡ್ಡವಾದ್ದರಿಂದ ಹೆರೆಯಲು ಇಬ್ಬರಿಗೆ ಎರಡೂವರೆ ಗಂಟೆ ಹಿಡಿಯಿತು, ಯಜಮಾನರ ಹೆಬ್ಬೆರಳಿಗೆ ಗಾಯವೂ ಆಯಿತು. ತಲೆಗೆ ಹನ್ನೆರಡರಂತೆ ಬಂದ ಏಳುನೂರ ಇಪ್ಪತ್ತರಲ್ಲಿ ಅಡುಗೆಮನೆಯ ಬಾಡಿಗೆ, ದಿನಸಿ, ಹುಡುಗರ ಕೂಲಿ ಕಳೆದು ಮುನ್ನೂರರ ಆಸುಪಾಸು ಉಳಿಯಿತು.

ನಡುವೆ ಮಾಡಿದ ಬೇರೆ ಪ್ರಯೋಗಗಳಲ್ಲಿ ಬಜ್ಜಿ ಚೆನ್ನಾಗಿ ಬಂತು, ಆದರೆ ಡಬ್ಬಿಗೆ ಹಾಕಿದರೆ ಅರ್ಧ ಗಂಟೆಯಲ್ಲಿ ಜೋಲುತ್ತದೆ. ದೋಸೆಹಿಟ್ಟನ್ನು ಸಿಪ್ಪೆನೀರಿನಲ್ಲಿ ರುಬ್ಬಿದ್ದು ಕಹಿಯಾಗಿ ಕಸಕ್ಕೆ ಹೋಯಿತು. ಉಪ್ಪಿನಕಾಯಿ ಎರಡು ಸಲ ಲೋಳೆಯಾಯಿತು, ಮೂರನೆಯ ಸಲ ಹಾಕುವ ಧೈರ್ಯವಿಲ್ಲ. ತಂಬುಳಿ ಮಾತ್ರ ಅನಿರೀಕ್ಷಿತವಾಗಿ ಗೆದ್ದಿತು: ಬೆಂದ ಬುಡದ ಹೋಳುಗಳನ್ನು ಕಾಯಿ, ಕಾಳುಮೆಣಸಿನೊಂದಿಗೆ ನುಣ್ಣಗೆ ರುಬ್ಬಿ, ನಾರು ಸೋಸಿ, ಮಜ್ಜಿಗೆಗೆ ಬೆರೆಸಿ ತುಪ್ಪದ ಜೀರಿಗೆ ಒಗ್ಗರಣೆ ಕೊಟ್ಟದ್ದು. ಮೇ ಕೊನೆಯ ಬಿಸಿಲಿಗೆ ಮಕ್ಕಳೂ ಅನ್ನಕ್ಕೆ ಕಲಸಿಕೊಂಡು ಉಂಡರು.

ಚೆರ್ರಿ ಕೆಂಪಾದರೆ ಶ್ಪಾರ್ಗೆಲ್ ಸತ್ತಂತೆ ಎಂದು ಇಲ್ಲೊಂದು ಗಾದೆ. ಜೂನ್ 24ರ ಬಳಿಕ ಕೊಯ್ಯುವುದಿಲ್ಲ, ಗಿಡ ಎಲೆ ಬಿಟ್ಟು ಮುಂದಿನ ವರ್ಷಕ್ಕೆ ಬೇರಿನಲ್ಲಿ ಕೂಡಿಟ್ಟುಕೊಳ್ಳಲು ಬಿಡುತ್ತಾರೆ. ಹಾಗಾಗಿ ಕೊನೆಯ ವಾರದಲ್ಲಿ ಮೂರು ಕಿಲೋ ಹೆರೆದು, ಬೇಯಿಸದೆ ಹಸಿಯಾಗಿಯೇ ಫ್ರೀಜರಿಗೆ ಹಾಕಿದ್ದೇನೆ. ಬೇಕಾದಾಗ ಮಂಜು ಕರಗಿಸದೆ ನೇರ ಕುದಿಯುವ ನೀರಿಗೆ ಹಾಕಬೇಕು, ಕರಗಿಸಿದರೆ ಹಿಂಡಿದ ಬಟ್ಟೆಯಂತಾಗುತ್ತದೆ. ಅರ್ಧ ಕಿಲೋ ಪರೀಕ್ಷೆಗೆ ತೆಗೆದು ನೋಡಿದೆ, ಮಜ್ಜಿಗೆ ಹುಳಿಗೆ ನಡೆಯುತ್ತದೆ, ಪಲ್ಯಕ್ಕೆ ನಡೆಯುವುದಿಲ್ಲ. ಉಳಿದ ಎರಡೂವರೆ ಕಿಲೋ ಗೌರಿ ಹಬ್ಬದ ಡಬ್ಬಿಗಳಿಗೆ ಮೀಸಲು, ಅಕ್ಕ ಆಗಲೇ ಎಂಟು ಹೇಳಿದ್ದಾರೆ.