ಸ್ಟಾಪರ್‌ಗಳ ವೇಗ ನೋಡಿ, ಆಮೇಲೆ ವ್ಯೂಹ ಕಟ್ಟಿ

ಶನಿವಾರ ರಾತ್ರಿ ಟಿ.ವಿ.ಯಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಸಿಟಿಯ ಆಟ. ಭಾನುವಾರ ಬೆಳಿಗ್ಗೆ ನಮ್ಮ ಕಾಲೇಜು ತಂಡಕ್ಕೂ ಅದೇ ಆಟ ಆಡುವ ಹುಕಿ. ಗೋಲ್‌ಕೀಪರ್ ಚೆಂಡನ್ನು ಮೆಲ್ಲಗೆ ಪಕ್ಕದ ಸ್ಟಾಪರ್‌ನತ್ತ, ಅಂದರೆ ಗೋಲಿನ ಮುಂದೆ ನಡುವಿನಲ್ಲಿ ನಿಲ್ಲುವ ರಕ್ಷಣಾ ಆಟಗಾರನತ್ತ, ತಳ್ಳುತ್ತಾನೆ. ಹುಲ್ಲೇ ಇಲ್ಲದ ಕೆಮ್ಮಣ್ಣಿನ ಮೈದಾನ; ಚೆಂಡು ಕಲ್ಲಿಗೆ ತಾಗಿ ಮೊಣಕಾಲಿನವರೆಗೆ ಪುಟಿಯುತ್ತದೆ. ಸ್ಟಾಪರ್ ಅದನ್ನು ಹತೋಟಿಗೆ ತರುವಷ್ಟರಲ್ಲಿ ಎದುರಾಳಿ ಫಾರ್ವರ್ಡ್ ಕಸಿದುಕೊಂಡು ಗೋಲು ಹೊಡೆದಾಗಿರುತ್ತದೆ. ಗೆರೆಯಾಚೆಯಿಂದ ಕೋಚ್ ಹುಡುಗನನ್ನು ಬೈಯುತ್ತಾರೆ. ಬೈಸಿಕೊಳ್ಳಬೇಕಾದದ್ದು ಹುಡುಗನಲ್ಲ.

ದುಡ್ಡಿರುವ ಕ್ಲಬ್‌ಗಳು ಮೊದಲು ವ್ಯೂಹ ತೀರ್ಮಾನಿಸಿ, ಅದಕ್ಕೆ ಬೇಕಾದ ಆಟಗಾರರನ್ನು ಆಮೇಲೆ ಕೊಳ್ಳಬಹುದು. ಶಾಲೆ, ಕಾಲೇಜು, ಬಡಾವಣೆ, ಕಚೇರಿ ತಂಡಗಳು ಸಿಕ್ಕ 18 ಜನರಲ್ಲೇ ಆಟ ಕಟ್ಟಬೇಕು. ಅದಕ್ಕೊಂದು ಕ್ರಮವಿದೆ. ಹೆಚ್ಚಿನವರು ಆ ಕ್ರಮವನ್ನು ತಲೆಕೆಳಗಾಗಿ ಅನುಸರಿಸುತ್ತಾರೆ: ಮೊದಲು 4-3-3 (ಹಿಂದೆ ನಾಲ್ವರು, ನಡುವೆ ಮೂವರು, ಮುಂದೆ ಮೂವರು) ಎಂದು ಬರೆದು, ಆ ಚೌಕಟ್ಟಿನೊಳಗೆ ಹುಡುಗರನ್ನು ತುರುಕುತ್ತಾರೆ.

ಮೊದಲು ಸುಮ್ಮನೆ ನೋಡಿ

ಎರಡು ಅಭ್ಯಾಸ ಪಂದ್ಯ ಆಡಿಸಿ, ಬಾಯಿ ಮುಚ್ಚಿಕೊಂಡು ಬರೆದುಕೊಳ್ಳಿ. ಯಾರು ಯಾವ ಕಾಲಿನವರು, ಒತ್ತಡದಲ್ಲಿ ಯಾರ ಮೊದಲ ಸ್ಪರ್ಶ ಕೆಡುವುದಿಲ್ಲ, ಚೆಂಡು ಕಳೆದುಕೊಂಡ ಮೇಲೆ ಯಾರು ಹಿಂದಕ್ಕೆ ಓಡುತ್ತಾರೆ. ಯಾವ ಜಾಗದಲ್ಲಿ ಆಡುತ್ತೀಯ ಎಂದು ಯಾರನ್ನೂ ಕೇಳಬೇಡಿ. ಎಲ್ಲರೂ ಸ್ಟ್ರೈಕರ್ ಎನ್ನುತ್ತಾರೆ. ಕೊನೆಗೆ 30 ಮೀಟರ್ ಓಡಿಸಿ ಸ್ಟಾಪ್‌ವಾಚ್ ಹಿಡಿಯಿರಿ. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಜಿಪಿಎಸ್ ಬನಿಯನ್‌ಗಳಿಗೆ ದುಡ್ಡು ಸುರಿಯಬೇಡಿ. ಆ ಹಣಕ್ಕೆ ಒಳ್ಳೆಯ ಚೆಂಡುಗಳು ಬರುತ್ತವೆ.

ರಕ್ಷಣಾ ಸಾಲು ಎಲ್ಲಿ ನಿಲ್ಲಬೇಕು?

ಎಲ್ಲರೂ ಎಡವುವುದು ಇಲ್ಲಿಯೇ. ತಂಡದ ತಾರೆಯನ್ನು ಎಲ್ಲಿ ಆಡಿಸಬೇಕು ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಮರೆತುಬಿಡಿ. ನಿಮ್ಮ ಇಬ್ಬರು ಸ್ಟಾಪರ್‌ಗಳು ಮತ್ತು ಗೋಲ್‌ಕೀಪರ್ ಎಂಥವರು ಎಂಬುದೇ ಉಳಿದ ಎಂಟು ಜನರ ಕೆಲಸವನ್ನು ತೀರ್ಮಾನಿಸುತ್ತದೆ.

100 ಮೀಟರ್ ಉದ್ದದ ಮೈದಾನ ಎಂದುಕೊಳ್ಳಿ. ತನ್ನದೇ ಅರ್ಧದಲ್ಲಿ ನಿಂತವನಿಗೆ ಆಫ್‌ಸೈಡ್ (ಪಾಸ್ ಕೊಡುವ ಹೊತ್ತಿಗೆ ಎದುರಾಳಿಯ ರಕ್ಷಣಾ ಸಾಲು ದಾಟಿ ನಿಂತಿರುವ ತಪ್ಪು) ಅನ್ವಯಿಸುವುದಿಲ್ಲ. ಹಾಗಾಗಿ ನಿಮ್ಮ ರಕ್ಷಣಾ ಸಾಲು ಮಧ್ಯಗೆರೆಯವರೆಗೂ ಮುಂದೆ ಬರಬಹುದು. ಆಗ ಅದರ ಬೆನ್ನ ಹಿಂದೆ 50 ಮೀಟರ್ ಖಾಲಿ ಬಯಲು. ಸ್ಟಾಪರ್‌ಗಳು ತಿರುಗಿ ಓಡಿ ಎದುರಾಳಿಯನ್ನು ಹಿಡಿಯಬಲ್ಲವರಾಗಿದ್ದರೆ, ಕೀಪರ್ ಪೆನಾಲ್ಟಿ ಪ್ರದೇಶ ಬಿಟ್ಟು ಬಂದು ಚೆಂಡು ಒದೆಯುವ ಧೈರ್ಯಶಾಲಿಯಾಗಿದ್ದರೆ ಮುಂದೆ ನಿಲ್ಲಿಸಿ. ಎರಡರಲ್ಲಿ ಒಂದಿಲ್ಲದಿದ್ದರೂ ಬೇಡ. ನಿಧಾನಗತಿಯ ಸ್ಟಾಪರ್‌ಗಳನ್ನು ಗೋಲಿನಿಂದ ಸುಮಾರು 25 ಮೀಟರ್ ದೂರದಲ್ಲಿ ನಿಲ್ಲಿಸಿ. ಅಂದರೆ ಪೆನಾಲ್ಟಿ ಪ್ರದೇಶದ ಗೆರೆಯಿಂದ ಎಂಟು ಹತ್ತು ಹೆಜ್ಜೆ ಮುಂದೆ.

ಇಷ್ಟನ್ನು ಹಲವರು ಮಾಡುತ್ತಾರೆ, ಮಾಡಿಯೂ ಸೋಲುತ್ತಾರೆ. ಏಕೆಂದರೆ ಸ್ಟಾಪರ್‌ಗಳನ್ನು ಮಾತ್ರ ಹಿಂದಕ್ಕೆ ಕಳಿಸಿ, ಫಾರ್ವರ್ಡ್‌ಗಳನ್ನು ಎದುರಾಳಿಯ ಗೋಲಿನ ಬಳಿಯೇ ಬಿಟ್ಟಿರುತ್ತಾರೆ. ನಡುವೆ ಜಾತ್ರೆ ನಡೆಸುವಷ್ಟು ಜಾಗ. ಎದುರಾಳಿ ಮಿಡ್‌ಫೀಲ್ಡರ್ ಅಲ್ಲಿ ತಲೆಯೆತ್ತಿ, ಯೋಚಿಸಿ, ಪಾಸ್ ಕೊಡುತ್ತಾನೆ. ಕೊನೆಯ ಸ್ಟಾಪರ್‌ನಿಂದ ಮೊದಲ ಸ್ಟ್ರೈಕರ್‌ವರೆಗೆ 30 ಮೀಟರ್, ಹೆಚ್ಚೆಂದರೆ 35 ಮೀಟರ್ ಇರಬೇಕು. ಹಿಂದಿನವರು 25 ಮೀಟರಿನಲ್ಲಿ ನಿಂತರೆ ಸ್ಟ್ರೈಕರ್ ಮಧ್ಯಗೆರೆಯ ಆಸುಪಾಸಿಗೆ ಬರಲೇಬೇಕು. ಬರಲೊಲ್ಲೆ ಎನ್ನುವ ಸ್ಟ್ರೈಕರ್‌ನನ್ನು ಬೆಂಚಿನಲ್ಲಿ ಕೂರಿಸಿ. ಅವನು ಎಷ್ಟು ಗೋಲು ಹೊಡೆದಿದ್ದಾನೆಂದು ಲೆಕ್ಕ ಹಾಕಬೇಡಿ.

ನಿಧಾನಗತಿಯ ಸ್ಟಾಪರ್‌ಗಳನ್ನು ಮುಂದೆ ನಿಲ್ಲಿಸಿದರೆ ತೆರಬೇಕಾದ ಬೆಲೆ ಏನೆಂದು ಇಂಗ್ಲೆಂಡಿನ ಚೆಲ್ಸಿ ಕ್ಲಬ್‌ಗೆ ಗೊತ್ತು. 2011ರಲ್ಲಿ ಪೋರ್ಚುಗಲ್‌ನ ಪೋರ್ಟೊ ಕ್ಲಬ್‌ನಿಂದ ಬಂದ ಕೋಚ್ ಆಂಡ್ರೆ ವಿಲ್ಲಾಸ್ ಬೋಸ್, 30 ದಾಟಿದ ಸ್ಟಾಪರ್ ಜಾನ್ ಟೆರ್ರಿಯನ್ನು ಮೈದಾನದ ಅಷ್ಟು ಮೇಲೆ ನಿಲ್ಲಿಸಿ ಆಡಿಸಿದರು. ಆ ವರ್ಷ ಅಕ್ಟೋಬರ್ 29ರಂದು ಆರ್ಸೆನಲ್ ತಂಡ ಚೆಲ್ಸಿಯ ಮೈದಾನದಲ್ಲೇ 5-3ರಿಂದ ಗೆದ್ದಿತು. ಆರ್ಸೆನಲ್‌ನ ವಾನ್ ಪರ್ಸಿಗೆ ಹ್ಯಾಟ್ರಿಕ್. ಮಾರ್ಚ್‌ನಲ್ಲಿ ಕೋಚ್ ಕೆಲಸ ಹೋಯಿತು. ಅವರ ಸಹಾಯಕರಾಗಿದ್ದ ರಾಬರ್ಟೊ ಡಿ ಮ್ಯಾಟಿಯೊ ಅದೇ ತಂಡವನ್ನು ಹಿಂದಕ್ಕೆ ಸರಿಸಿ ನಿಲ್ಲಿಸಿದರು. ಮೇ ತಿಂಗಳಲ್ಲಿ ಮ್ಯೂನಿಕ್‌ನಲ್ಲಿ ಚಾಂಪಿಯನ್ಸ್ ಲೀಗ್ ಕಪ್ ಅವರ ಕೈಯಲ್ಲಿತ್ತು.

ಇನ್ನು ಮೈದಾನದಲ್ಲಿ ಕಲಿಸುವ ಬಗೆ. ಅಭ್ಯಾಸದ ನಡುವೆ ಸೀಟಿ ಊದಿ; ಎಲ್ಲರೂ ನಿಂತಲ್ಲೇ ನಿಲ್ಲಲಿ. ಸ್ಟಾಪರ್‌ನಿಂದ ಸ್ಟ್ರೈಕರ್‌ವರೆಗೆ ಉದ್ದ ಹೆಜ್ಜೆ ಹಾಕಿ ಎಣಿಸಿ, 35 ದಾಟಿದರೆ ಎಲ್ಲರಿಗೂ ತೋರಿಸಿ. ಬೇಸರ ಬರುವವರೆಗೂ ಮಾಡಿ. ಆಮೇಲೆ ಎರಡು ನಿಯಮ ಕಲಿಸಿ. ಚೆಂಡು ಹಿಡಿದ ಎದುರಾಳಿಯ ಮೇಲೆ ಒತ್ತಡವಿಲ್ಲದೆ ಅವನು ತಲೆಯೆತ್ತಿ ನೋಡುತ್ತಿದ್ದರೆ ಇಡೀ ಸಾಲು ಹಿಂದಕ್ಕೆ. ಅವನು ಹಿಂದಕ್ಕೆ ಪಾಸ್ ಕೊಟ್ಟರೆ ಅಥವಾ ಬೆನ್ನು ತಿರುಗಿಸಿದರೆ ಐದು ಹೆಜ್ಜೆ ಮುಂದಕ್ಕೆ. ಕೂಗುವುದು ಒಬ್ಬನೇ ಸ್ಟಾಪರ್, ಅದೂ ಎರಡೇ ಪದ: ‘ಮೇಲೆ’, ‘ಕೆಳಗೆ’. ಬೆಂಗಳೂರಿನ ಮೈದಾನಗಳಲ್ಲಿ ಕನ್ನಡ, ತಮಿಳು, ಉರ್ದು ಮೂರೂ ಒಟ್ಟಿಗೆ ಕೇಳಿಸುತ್ತವೆ. ಯಾವ ಭಾಷೆಯಾದರೂ ಸರಿ, ಮೊದಲೇ ಒಪ್ಪಿಕೊಳ್ಳಿ.

ಆಫ್‌ಸೈಡ್ ಬಲೆ ಎಂಬ ಅಡ್ಡದಾರಿಯೊಂದಿದೆ. ಸಾಲು ಒಮ್ಮೆಲೇ ಮುಂದೆ ನುಗ್ಗಿ ಎದುರಾಳಿಯನ್ನು ಸಿಕ್ಕಿಸುವ ಉಪಾಯ. ಸ್ಥಳೀಯ ಪಂದ್ಯಗಳಲ್ಲಿ ಬಾವುಟ ಹಿಡಿದು ನಿಲ್ಲುವವರು ಎಷ್ಟೋ ಸಲ ಆತಿಥೇಯ ತಂಡದ ಬದಲಿ ಆಟಗಾರರೇ. ಅವರನ್ನು ನಂಬಿ ಗೋಲು ಕಾಯುವ ಸಾಹಸ ಮಾಡಬೇಡಿ.

ಸ್ಟ್ರೈಕರ್‌ನನ್ನು ಸ್ಟಾಪರ್‌ಗಳೇ ಆರಿಸುತ್ತಾರೆ

ಹಿಂದೆ ನಿಂತು ಆಡುವ ತಂಡ ಚೆಂಡು ಗೆದ್ದುಕೊಂಡಾಗ ಎದುರಾಳಿಯ ಗೋಲು ಬಹಳ ದೂರ. ಆದರೆ ಎದುರಾಳಿಯೂ ಮುಂದೆ ಬಂದಿರುತ್ತಾನೆ, ಅವನ ಬೆನ್ನ ಹಿಂದೆ ಜಾಗವಿದೆ. ಅಲ್ಲಿಗೆ ಓಡಬಲ್ಲ ವೇಗಿ ಬೇಕು. 2015-16ರಲ್ಲಿ ಇಂಗ್ಲಿಷ್ ಪ್ರೀಮಿಯರ್ ಲೀಗ್ ಗೆದ್ದ ಲೆಸ್ಟರ್ ಸಿಟಿಯ ಲೆಕ್ಕಾಚಾರ ಇಷ್ಟೇ. ಸ್ಟಾಪರ್‌ಗಳಾದ ವೆಸ್ ಮಾರ್ಗನ್ ಮತ್ತು ರಾಬರ್ಟ್ ಹುತ್ ಗಟ್ಟಿಗರು, ಆದರೆ ಓಟಗಾರರಲ್ಲ. ಕೋಚ್ ಕ್ಲಾಡಿಯೊ ರಾನಿಯೇರಿ ಈ ಇಬ್ಬರನ್ನೂ ಹಿಂದೆ ನಿಲ್ಲಿಸಿದರು. ಅವರ ಮುಂದೆ ಕಾಂಟೆ ಚೆಂಡು ಕಸಿಯುತ್ತಿದ್ದರು, ಡ್ರಿಂಕ್‌ವಾಟರ್ ಉದ್ದ ಪಾಸ್ ಕೊಡುತ್ತಿದ್ದರು, ಜೇಮಿ ವಾರ್ಡಿ ಓಡುತ್ತಿದ್ದರು. ವಾರ್ಡಿಗೆ ಲೀಗ್‌ನಲ್ಲಿ 24 ಗೋಲು. ನಿಮ್ಮಲ್ಲಿ ಅಂಥ ವೇಗಿ ಇಲ್ಲವೇ? ಗೋಲಿಗೆ ಬೆನ್ನು ಮಾಡಿ ನಿಂತು, ಉಳಿದವರು ಬರುವವರೆಗೆ ಚೆಂಡನ್ನು ಕಾಪಾಡಬಲ್ಲ ದೃಢಕಾಯನನ್ನು ಹುಡುಕಿ. ಎರಡೂ ಇಲ್ಲದಿದ್ದರೆ ನಿಮ್ಮ ಒಬ್ಬ ಸ್ಟಾಪರ್‌ನತ್ತಲೇ ಕಣ್ಣು ಹಾಯಿಸಿ. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ತಲೆಗೆ ಗಾಯವಾಗಿದ್ದ ಸ್ಟಾಪರ್ ಜರ್ನೈಲ್ ಸಿಂಗ್ ಅವರನ್ನು ಕೋಚ್ ಸೈಯದ್ ಅಬ್ದುಲ್ ರಹೀಮ್ ಫಾರ್ವರ್ಡ್ ಆಗಿ ಇಳಿಸಿದರು. ದಕ್ಷಿಣ ಕೊರಿಯಾ ವಿರುದ್ಧದ ಫೈನಲ್‌ನಲ್ಲಿ ಭಾರತ 2-1ರಿಂದ ಗೆದ್ದಿತು. ಒಂದು ಗೋಲು ಜರ್ನೈಲ್ ಅವರದು.

ತಾರೆಯ ವಿಷಯಕ್ಕೆ ಈಗ ಬರಬಹುದು. ಅವನ ಇಷ್ಟದ ಜಾಗ ಬೇರೆಯವನಿಗೆ ಹೆಚ್ಚು ಒಪ್ಪುತ್ತಿದ್ದರೆ ಅವನನ್ನು ಸರಿಸಲು ಹಿಂಜರಿಯಬೇಡಿ. 2017-18ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಬೆಂಗಳೂರು ಎಫ್‌ಸಿಯ ಕೋಚ್ ಆಲ್ಬರ್ಟ್ ರೋಕಾ ನಡುವಿನಲ್ಲಿ ಸ್ಟ್ರೈಕರ್ ಮಿಕು ಅವರನ್ನು ನಿಲ್ಲಿಸಿ, ತಂಡದ ತಾರೆ ಸುನಿಲ್ ಛೆಟ್ರಿ ಅವರನ್ನೇ ಎಡಬದಿಗೆ ಕಳಿಸಿದರು. ಮಿಕು 15, ಛೆಟ್ರಿ 14 ಗೋಲು ಹೊಡೆದರು.

ಮಿಡ್‌ಫೀಲ್ಡ್ ಸುಲಭ: ಕಸಿಯುವವನೊಬ್ಬ, ಕೊಡುವವನೊಬ್ಬ. ಇಬ್ಬರೂ ಕೊಡುವವರಾದರೆ ಕಷ್ಟ.

ಅಂಕಿ ಕೊನೆಗೆ

ಇಷ್ಟಾದ ಮೇಲೆ ಕಾಗದದ ಮೇಲೆ ವ್ಯೂಹ ತಾನಾಗಿಯೇ ಮೂಡಿರುತ್ತದೆ. ಇನ್ನೂ ಅನುಮಾನವಿದ್ದರೆ 4-4-2 ಆಡಿಸಿ. ಹಳೆಯದು ಎಂದು ಮೂಗು ಮುರಿಯುವವರು ಮುರಿಯಲಿ. ಯಾರು ಯಾರ ಪಕ್ಕ ನಿಲ್ಲಬೇಕೆಂಬುದು ಹವ್ಯಾಸಿ ಆಟಗಾರನಿಗೆ ಇದರಷ್ಟು ಬೇಗ ಬೇರೆ ಯಾವುದರಲ್ಲೂ ಅರ್ಥವಾಗುವುದಿಲ್ಲ. ಮೂವರು ಸ್ಟಾಪರ್‌ಗಳ ವ್ಯೂಹದ ಮೋಹ ಬೇಡ. 2016ರಲ್ಲಿ ಚೆಲ್ಸಿಯ ಕೋಚ್ ಆಂಟೋನಿಯೊ ಕೊಂಟೆ ಅದಕ್ಕೆ ಬದಲಾಯಿಸಿ ಸತತ 13 ಲೀಗ್ ಪಂದ್ಯ ಗೆದ್ದರು ನಿಜ, ಆದರೆ ವಿಕ್ಟರ್ ಮೋಸೆಸ್‌ನಂತೆ ಒಂದು ಬದಿಯ ಪೂರ್ತಿ ಉದ್ದವನ್ನು 90 ನಿಮಿಷ ಓಡುವವನು ನಿಮ್ಮಲ್ಲಿದ್ದಾನೆಯೇ? ವ್ಯೂಹ ಬಿಡಿಸುವ ಮೊಬೈಲ್ ಆ್ಯಪ್‌ಗಳೂ ಅಯಸ್ಕಾಂತದ ಫಲಕಗಳೂ ಇಲ್ಲಿ ದಾರಿ ತಪ್ಪಿಸುತ್ತವೆ. ಫಲಕದ ಬಿಲ್ಲೆಗೆ ದಣಿವಿಲ್ಲ, ಇಟ್ಟಲ್ಲೇ ಇರುತ್ತದೆ.

ಒಂದು ಸೋಲಿಗೆ ಎಲ್ಲವನ್ನೂ ಕಿತ್ತು ಹಾಕಬೇಡಿ. 2015ರ ಸೆಪ್ಟೆಂಬರ್‌ನಲ್ಲಿ ಲೆಸ್ಟರ್ ತನ್ನ ಮೈದಾನದಲ್ಲಿ ಆರ್ಸೆನಲ್‌ಗೆ 2-5ರಿಂದ ಸೋತಿತು. ರಾನಿಯೇರಿ ಬದಲಿಸಿದ್ದು ವ್ಯೂಹವನ್ನಲ್ಲ, ರಕ್ಷಣಾ ಸಾಲಿನ ಎರಡು ಬದಿಗಳಲ್ಲಿ ಆಡುವ ಇಬ್ಬರು ಫುಲ್‌ಬ್ಯಾಕ್‌ಗಳನ್ನು: ಸಿಂಪ್ಸನ್ ಮತ್ತು ಫುಕ್ಸ್ ಒಳಗೆ ಬಂದರು.

ಪಂದ್ಯದ ನಡುವೆ ಸ್ಟಾಪರ್‌ಗೆ ಪೆಟ್ಟಾಗಿ ಬದಲಿ ಆಟಗಾರ ಇಳಿಯುವುದಿದ್ದರೆ, ಅವನು ಹೋದವನಿಗಿಂತ ನಿಧಾನವೇ ಎಂದು ನೋಡಿ. ಹೌದಾದರೆ ಸಾಲು ಐದು ಮೀಟರ್ ಹಿಂದಕ್ಕೆ ಹೋಗಬೇಕು. ಆಟ ಮತ್ತೆ ಶುರುವಾಗುವ ಮೊದಲು ಆ ಮಾತನ್ನು ಸ್ಟ್ರೈಕರ್‌ಗೂ ಕೂಗಿ ಹೇಳಿ.